ಕಟ್ಟಿದವರು, ಕಟ್ಟಿಸಿದವರು

'ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಅತ್ತಿಮಬ್ಬೆ ಕಟ್ಟಿದಳು.' ಪ್ರವಾಸಿ ಕೈಪಿಡಿಗಳಿಂದ ಹಿಡಿದು ಸಂಶೋಧನ ಪ್ರಬಂಧಗಳವರೆಗೆ ಈ ವಾಕ್ಯ ಸಲೀಸಾಗಿ ಬಂದುಬಿಡುತ್ತದೆ. ನನ್ನ ಪಿಎಚ್.ಡಿ. ಅಧ್ಯಾಯವೊಂದರಲ್ಲೂ ಬಂದಿತ್ತು. ಕನ್ನಡದಲ್ಲಿ 'ಕಟ್ಟಿಸು' ಎಂಬ ಕ್ರಿಯಾಪದ ಇದ್ದೂ ನಾವು ಆ 'ಇಸು' ಪ್ರತ್ಯಯವನ್ನು ಯಾಕೆ ನುಂಗುತ್ತೇವೆ?

ಸಾಹಿತ್ಯದ ವಿಷಯಕ್ಕೆ ಬಂದಾಗ ನುಂಗುವುದಿಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಅತ್ತಿಮಬ್ಬೆ ಬರೆಯಿಸಿ ಹಂಚಿದಳು ಎನ್ನುತ್ತೇವೆ, ಬರೆದಳು ಎನ್ನುವುದಿಲ್ಲ. ರನ್ನ 993ರಲ್ಲಿ ಅಜಿತಪುರಾಣ ಮುಗಿಸಿದ್ದು ಅವಳ ಆಶ್ರಯದಲ್ಲಿ. ಆದರೂ ಕಾವ್ಯ ರನ್ನನದೇ. ಓಲೆಗರಿಗೆ ತೋರಿಸುವ ಈ ಎಚ್ಚರವನ್ನು ಕಲ್ಲಿಗೆ ತೋರಿಸುವುದಿಲ್ಲ. 1007ರ ಶಾಸನವನ್ನು ಓದಿ ದಾನಚಿಂತಾಮಣಿಯನ್ನು ಕೊಂಡಾಡಿ ಹೊರಬರುತ್ತೇವೆ. ಕೊಂಡಾಡಬಾರದು ಎಂದಲ್ಲ. ಹಣ, ಹಟ, ಅಭಿರುಚಿ ಎಲ್ಲವನ್ನೂ ಒಂದು ಕಡೆ ಕೂಡಿಸುವುದು ಸಣ್ಣ ಕೆಲಸವಲ್ಲ, ಅದೂ ಆ ಕಾಲದಲ್ಲಿ ಒಬ್ಬ ಹೆಂಗಸಿಗೆ. ಆದರೆ ಐಹೊಳೆ, ಪಟ್ಟದಕಲ್ಲುಗಳ ಮರಳುಗಲ್ಲನ್ನು ಬಿಟ್ಟು ನಯವಾದ ಹಸಿರುಛಾಯೆಯ ಬಳಪದ ಕಲ್ಲಿಗೆ ಉಳಿ ಹೊಂದಿಕೊಂಡದ್ದು ಇಲ್ಲಿ. ಆ ಹೊಂದಾಣಿಕೆ ಯಾರದೋ ಕೈಯಲ್ಲಿ ಆಗಿರಬೇಕಲ್ಲ?

ಲಕ್ಷ್ಮೇಶ್ವರದ ಜುಮ್ಮಾ ಮಸೀದಿಯದೂ ಇದೇ ಕತೆ: 1617, ಬಿಜಾಪುರದ ಅಂಕುಶಖಾನ್, ಅಲ್ಲಿಗೆ ಮುಗಿಯಿತು. ಶಿರಹಟ್ಟಿಯ ಕೋಟೆ ಅದೇ ಅಂಕುಶಖಾನನದೋ ಖಾನಗೌಡ ದೇಸಾಯಿಯದೋ ಎಂದು ಎರಡು ಮಾತಿದೆ. ಯಾರ ಪಕ್ಷ ಗೆದ್ದರೂ ಸಿಗುವುದು ಕಟ್ಟಿಸಿದವನೇ.

'ಕಟ್ಟಿದವರ ಹೆಸರು ಬರೆಯುವ ಪದ್ಧತಿಯೇ ಇರಲಿಲ್ಲ' ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಎಂಟನೆಯ ಶತಮಾನದಲ್ಲೇ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನ, ಕಟ್ಟಿಸಿದ ರಾಣಿ ಲೋಕಮಹಾದೇವಿಯ ಜೊತೆಗೆ ಸೂತ್ರಧಾರಿ ಗುಂಡನನ್ನೂ ಬಿರುದುಸಹಿತ ಹೆಸರಿಸಿದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ತನ್ನ ಹೆಸರು ಕೊರೆದಿದ್ದಾನೆ.

ಹೆಸರು ಸಿಗದ ಕಡೆ ಏನು ಬರೆಯುವುದು ಎಂದು ಗೆಳೆಯನೊಬ್ಬ ಕೇಳಿದ. ಕೆಲಸದ ಬಗ್ಗೆ ಬರೆಯಬಹುದು. ಗದಗಿನಿಂದ ಮುಂಡರಗಿಯ ಹಾದಿ ಹಿಡಿದರೆ ಡಂಬಳ ಸಿಗುತ್ತದೆ. ಅಲ್ಲಿಯ ದೊಡ್ಡಬಸಪ್ಪ ಗುಡಿಯ ವಿಮಾನಕ್ಕೆ 24 ಮೂಲೆಗಳು. ನಕ್ಷತ್ರಾಕಾರ ಎಂದು ಒಂದೇ ಪದದಲ್ಲಿ ಮುಗಿಸುವ ಬದಲು ಒಂದು ಹಾಳೆ ತೆಗೆದುಕೊಳ್ಳಿ. ಒಂದು ಚೌಕ ಬರೆಯಿರಿ. ನಡುಬಿಂದು ಕದಲಿಸದೆ 15 ಡಿಗ್ರಿ ತಿರುಗಿಸಿ ಇನ್ನೊಂದು, ಮತ್ತೊಂದು. ಆರನೆಯ ಚೌಕಕ್ಕೆ 24 ಮೂಲೆ ಮೂಡುತ್ತವೆ. ಹಾಳೆಯ ಮೇಲೆ ನನಗೆ ಎರಡು ಸಲ ತಪ್ಪಿತು. ಅಲ್ಲಿಯ ಕಲ್ಲುಕುಟಿಗರು ಇದೇ ಲೆಕ್ಕವನ್ನು ತಳದಿಂದ ಶುರುಮಾಡಿ, ಕಿರಿದಾಗುತ್ತ ಏರುವ ಅಂತಸ್ತುಗಳುದ್ದಕ್ಕೂ ಶಿಖರದವರೆಗೆ ಒಯ್ದಿದ್ದಾರೆ.

ಅಧ್ಯಾಯದಲ್ಲಿ 'ಕಟ್ಟಿದಳು' ತಿದ್ದಿ 'ಕಟ್ಟಿಸಿದಳು' ಎಂದು ಮಾಡಿದ್ದೇನೆ. ಅದರ ಮುಂದೆ ಒಂದು ಪುಟ ಖಾಲಿ ಬಿಟ್ಟಿದ್ದೇನೆ, ಬಳಪದ ಕಲ್ಲಿಗೆ.