ಚಾವಣಿಯಡಿಯ ಗುಳ್ಳೆ

ಅಲ್ಯೂಮಿನಿಯಂ ಹುಟ್ಟುವ ಪಾಟ್‌ನೊಳಗೆ ನನಗೆ ಎಲ್ಲಕ್ಕಿಂತ ಚೆಲುವಾಗಿ ಕಾಣುವುದು ಅಲ್ಲಿನ ಗುಳ್ಳೆ. ಬೇರೆ ಕಡೆ ಗುಳ್ಳೆಗೆ ಹುಟ್ಟಿದ ಕೂಡಲೇ ಮೇಲೇರುವ ದಾರಿ ತೆರೆದಿರುತ್ತದೆ. ಇಲ್ಲಿ ಅದು ಹುಟ್ಟುವುದೇ ಚಾವಣಿಯ ಅಡಿಯಲ್ಲಿ. ತಲೆಯ ಮೇಲೆ ಆನೋಡ್ ಎಂಬ ಚಪ್ಪಟೆ ತಳದ ಇಂಗಾಲದ ದಿಮ್ಮಿ. ನಾಲ್ಕೈದು ಸೆಂಟಿಮೀಟರ್ ಕೆಳಗೆ ಕರಗಿದ ಲೋಹ. ನಡುವಿನ ಸಂದಿಯಲ್ಲಿ 960 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ, ಕ್ರಯೋಲೈಟ್ ಎಂಬ ಲವಣ ಕರಗಿದ ದ್ರವ. ಈ ಇಕ್ಕಟ್ಟಿನಲ್ಲೇ ಅದರ ಬೆಳವಣಿಗೆ, ಪಯಣ, ಬಿಡುಗಡೆ.

1886ರಲ್ಲಿ ಅಮೆರಿಕದ ಚಾರ್ಲ್ಸ್ ಮಾರ್ಟಿನ್ ಹಾಲ್, ಫ್ರಾನ್ಸಿನ ಪಾಲ್ ಎರೂ ಬೇರೆಬೇರೆಯಾಗಿ ಕಂಡುಕೊಂಡ ವಿಧಾನವೇ ಇಂದಿಗೂ ನಡೆದಿದೆ. ಅಲ್ಯೂಮಿನಾ ಪುಡಿಯನ್ನು ಕ್ರಯೋಲೈಟಿನಲ್ಲಿ ಕರಗಿಸಿ ವಿದ್ಯುತ್ ಹರಿಸಿದರೆ ಲೋಹ ತಳದಲ್ಲಿ ಸೇರುತ್ತದೆ, ಆಮ್ಲಜನಕ ಆನೋಡಿನ ಇಂಗಾಲವನ್ನು ತಿಂದು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. 3 ಲಕ್ಷ ಆಂಪಿಯರಿನ ಪಾಟ್ ಒಂದರಲ್ಲಿ, ಆ ಬಿಸಿಯಲ್ಲಿ ಹಿಗ್ಗಿದ ಅನಿಲ ಸೆಕೆಂಡಿಗೆ ಸುಮಾರು 75 ಲೀಟರ್. ಅಷ್ಟೂ ಆ ಸಂದಿಯಿಂದಲೇ ಹೊರಬರಬೇಕು.

ಹುಟ್ಟುವಾಗ ಗುಳ್ಳೆ ಇಂಗಾಲದ ಸಣ್ಣ ರಂಧ್ರವೊಂದಕ್ಕೆ ಕಚ್ಚಿಕೊಂಡ ಚುಕ್ಕೆ. ಅಲ್ಲೇ ಊದುತ್ತದೆ, ನೆರೆಯ ಗುಳ್ಳೆಗೆ ತಗುಲಿದ ಕ್ಷಣ ಎರಡೂ ಒಂದಾಗುತ್ತವೆ. ಹೀಗೆ ಕೂಡುತ್ತ ಕೂಡುತ್ತ ಅಂಗೈಯಗಲ ಮೀರಿದರೂ ದಪ್ಪ ಮಾತ್ರ ಕೆಲವೇ ಮಿಲಿಮೀಟರ್. ಆನೋಡಿನ ತಳ ಎಲ್ಲೋ ಒಂದಿಷ್ಟು ಓರೆಯಾಗಿದ್ದರೆ ಸಾಕು, ಅತ್ತ ಸರಿಯತೊಡಗುತ್ತದೆ. ಸರಿಯುವಾಗಿನ ಅದರ ಆಕಾರವನ್ನು ಎಷ್ಟು ನೋಡಿದರೂ ಸಾಲದು: ಮುಂದೆ ಕೆಳಕ್ಕೆ ಉಬ್ಬಿದ ದಪ್ಪ ತಲೆ, ಹಿಂದೆ ತೆಳ್ಳಗೆ ಹಾಸಿದ ಉದ್ದನೆಯ ಬಾಲ. ದಾರಿಗೆ ಸಿಕ್ಕ ಚಿಕ್ಕ ಗುಳ್ಳೆಗಳನ್ನೆಲ್ಲ ಆ ತಲೆ ಒಳಗೆಳೆದುಕೊಳ್ಳುತ್ತ, ಹಿಂದಿನ ಮೈಯನ್ನು ಶುಚಿ ಮಾಡುತ್ತ ಸಾಗುತ್ತದೆ. ಅಂಚು ಬಂತೋ, ಒಮ್ಮೆಗೇ ಮೇಲಕ್ಕೆ ತಿರುಗಿ ನುಗ್ಗುತ್ತದೆ. ಬಾಲವೂ ಅದರ ಬೆನ್ನಿಗೇ.

ಇಷ್ಟನ್ನು ಕಂಡದ್ದು ಹೇಗೆ? ನೀರಿನಲ್ಲಿ. 1984ರಲ್ಲಿ ಫೋರ್ಟಿನ್ ಮತ್ತು ಸಂಗಡಿಗರು ನೀರಿನ ಮಾದರಿಯೊಂದರಲ್ಲಿ ಗುಳ್ಳೆಗಳ ನಡೆಯನ್ನು ಅಳೆದು ವಿವರಿಸಿದರು. ದಪ್ಪ ತಲೆಯ ಆ ಗುಳ್ಳೆಗೆ ಈಗ ಫೋರ್ಟಿನ್ ಗುಳ್ಳೆ ಎಂದೇ ಹೆಸರು. ಕ್ರಯೋಲೈಟ್ ದ್ರವ ನೀರಿನ ಎರಡು ಪಟ್ಟು ಸಾಂದ್ರ. ಆದರೂ ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿದರೆ ಎರಡಕ್ಕೂ ಬರುವ ಬೆಲೆ ಹತ್ತಿರ ಹತ್ತಿರ. ಕೆಂಪಗೆ ಕಾದ ಪಾಟ್‌ನೊಳಗಿನ ಚಲನೆ ತಣ್ಣೀರಿನ ತೊಟ್ಟಿಯಲ್ಲಿ ಬಹುಮಟ್ಟಿಗೆ ಹಾಗೆಯೇ ಮೂಡುವುದು ಪ್ರಕೃತಿ ನಮಗೆ ಮಾಡಿದ ದೊಡ್ಡ ಉಪಕಾರ.

ಪಾಟ್‌ನಲ್ಲಿ ಇದರ ಸುಳಿವು ವೋಲ್ಟೇಜಿನ ಗೆರೆಯಲ್ಲಿ ಸಿಗುತ್ತದೆ. ಗುಳ್ಳೆ ಹರಡಿದಷ್ಟೂ ವಿದ್ಯುತ್ತಿನ ದಾರಿ ಕಿರಿದಾಗಿ ಗೆರೆ ಮೆಲ್ಲಗೆ ಏರುತ್ತದೆ, ಕಳಚಿಕೊಂಡೊಡನೆ ಸರ್ರನೆ ಇಳಿಯುತ್ತದೆ. ಸುಮಾರಾಗಿ ಸೆಕೆಂಡಿಗೊಂದು ಏರಿಳಿತ. ಈ ಅಡ್ಡಿಗೆ ಬೆಲೆಯಿದೆ: ಕಾಲು ವೋಲ್ಟ್ ಹೋದರೆ ಟನ್ ಲೋಹಕ್ಕೆ ಸುಮಾರು 800 ಯೂನಿಟ್ ಕರೆಂಟ್ ಹೋದಂತೆ. ಅದಕ್ಕೇ ಆನೋಡಿನ ತಳದಲ್ಲಿ ಉದ್ದುದ್ದ ಸೀಳು ಕೊರೆದು ಅನಿಲಕ್ಕೆ ಹತ್ತಿರದ ದಾರಿ ಮಾಡಿಕೊಡುತ್ತಾರೆ. ಗುಳ್ಳೆ ತಾನೂ ಸುಮ್ಮನಿರುವುದಿಲ್ಲ. ಹೊಸ ಆನೋಡಿನ ಚೂಪು ಅಂಚು ದಿನ ಕಳೆದಂತೆ ಸವೆದು ದುಂಡಾಗುತ್ತದೆ. ಯಾವ ಇಂಗಾಲ ಸವೆದು ಗುಳ್ಳೆಯಾಯಿತೋ ಅದೇ ಸವೆತ ಮುಂದಿನ ಗುಳ್ಳೆಗೆ ಬಾಗಿಲಾಗುತ್ತದೆ. ಮೇಲೇರುವಾಗ ಅದು ದ್ರವವನ್ನು ಕಲಕದಿದ್ದರೆ ಮೇಲಿಂದ ಸುರಿದ ಅಲ್ಯೂಮಿನಾ ಬೇಗ ಕರಗಿ ಹಬ್ಬುತ್ತಲೂ ಇರಲಿಲ್ಲ. ಆದ್ದರಿಂದ ಇದನ್ನು ಬರಿಯ ಅಡ್ಡಿ ಎಂದು ಬರೆಯುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಇಷ್ಟೆಲ್ಲ ನಿಂತಿರುವುದು ದ್ರವ ಇಂಗಾಲವನ್ನು ಎಷ್ಟು ಒದ್ದೆ ಮಾಡುತ್ತದೆ ಎಂಬುದರ ಮೇಲೆ. ಕೆಸುವಿನ ಎಲೆಯ ಮೇಲೆ ನೀರಹನಿ ಅಂಟದೆ ಉರುಳುತ್ತದಲ್ಲ, ಅದನ್ನು ಬುಡಮೇಲು ಮಾಡಿ, ನೀರಿನ ಜಾಗದಲ್ಲಿ ಅನಿಲವಿಟ್ಟು ನೋಡಿ. ಅಲ್ಯೂಮಿನಾ ಸಾಕಷ್ಟಿರುವಾಗ ದ್ರವ ಇಂಗಾಲಕ್ಕೆ ಒತ್ತಿ ನಿಲ್ಲುತ್ತದೆ, ಗುಳ್ಳೆ ಹೆಚ್ಚು ಹರಡದೆ ಜಾರುತ್ತದೆ. ಅಲ್ಯೂಮಿನಾ ಶೇ. 2ರ ಆಸುಪಾಸಿಗೆ ಕುಸಿದರೆ ದ್ರವ ಹಿಡಿತ ಬಿಡುತ್ತದೆ, ಅನಿಲ ಆನೋಡಿನ ತಳವನ್ನೆಲ್ಲ ಆವರಿಸುತ್ತದೆ. ಪಾಟ್‌ನ ನಾಲ್ಕು ಚಿಲ್ಲರೆ ವೋಲ್ಟ್ 30 ದಾಟುತ್ತದೆ. ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರಾರು ಪಟ್ಟು ಬಿಸಿ ಹಿಡಿದಿಡುವ ಕಾರ್ಬನ್ ಟೆಟ್ರಾಫ್ಲೋರೈಡ್ ಹೊರಬೀಳುತ್ತದೆ. ಪಾಟ್‌ರೂಮಿನ ಹಳೆಯ ಕೈಗಳು ಆಗ ಹಸಿ ಮರದ ಕೋಲೊಂದನ್ನು ಆನೋಡಿನಡಿ ತೂರುತ್ತಿದ್ದವು. ಮರದೊಳಗಿನ ನೀರು ಆವಿಯಾಗಿ ಕುದಿದೆದ್ದು, ಹಾಸಿಕೊಂಡ ಅನಿಲದ ಪದರವನ್ನು ಒಡೆದೋಡಿಸುತ್ತಿತ್ತು.

ಈಗ ಇಂಗಾಲವೇ ಬೇಡವೆಂದು ಸವೆಯದ ಲೋಹದ, ಸೆರಾಮಿಕ್ಕಿನ ಆನೋಡುಗಳ ಪ್ರಯೋಗ ನಡೆದಿದೆ. ಅಲ್ಲಿ ಏಳುವುದು ಶುದ್ಧ ಆಮ್ಲಜನಕ. ಆ ಮೈಯನ್ನು ದ್ರವ ಇನ್ನೂ ಚೆನ್ನಾಗಿ ಒದ್ದೆ ಮಾಡುವುದರಿಂದ ಗುಳ್ಳೆಗಳು ತೀರ ಚಿಕ್ಕವು, ಬೇಗ ಕಳಚುವಂಥವು. ಫೋರ್ಟಿನ್ ಗುಳ್ಳೆಯ ಗಾಂಭೀರ್ಯ ಅವಕ್ಕಿಲ್ಲ. ಆದರೂ ಅವು ಗೆಲ್ಲಲಿ ಎಂದೇ ನನ್ನ ಹಾರೈಕೆ.