ಕಲ್ಲಿನ ಮುಂದೆ ವಿಶೇಷಣ

ಐಸ್‌ಲ್ಯಾಂಡು, ಸ್ಕಾಟ್ಲೆಂಡುಗಳ ಕಡಲಲ್ಲಿ ಸಣ್ಣ ಹಡಗೇರಿ ಅಗ್ನಿಶಿಲೆಗಳನ್ನು ನೋಡಿಬಂದವರ ಲೇಖನಗಳನ್ನು ಓದುವಾಗ ಒಂದು ಮಾತು ನನ್ನನ್ನು ಮುಳ್ಳಿನಂತೆ ಚುಚ್ಚುತ್ತದೆ: 'ವರ್ಣನಾತೀತ'. ವರ್ಣನೆಗೆ ನಿಲುಕದ್ದಾದರೆ ಲೇಖನವೇಕೆ?

ಸ್ಕಾಟ್ಲೆಂಡಿನ ಪಡುಗಡಲಲ್ಲಿರುವ ಸ್ಟಾಫಾ, ಕರಿಗಲ್ಲಿನ ಕಂಬಗಳ ನಡುಗಡ್ಡೆ. 1818ರಲ್ಲಿ ಅಲ್ಲಿಗೆ ಹೋದ ಕವಿ ಕೀಟ್ಸ್, ತಮ್ಮನಿಗೆ ಬರೆದ ಪತ್ರದಲ್ಲಿ ಅದನ್ನು ಬಣ್ಣಿಸಲಾಗದೆಂದೇನೋ ಹೇಳಿದ. ಆದರೆ ಅಷ್ಟಕ್ಕೇ ಬಿಡಲಿಲ್ಲ. ದೈತ್ಯರು ಆ ಕಂಬಗಳನ್ನು ಕಡ್ಡಿಗಳಂತೆ ಕಟ್ಟುಕಟ್ಟಿ, ಕೊಡಲಿಯಿಂದ ಗವಿ ಕಡಿದರೆಂದು ಕಲ್ಪಿಸಿದ. ಮನೆಯ ಕಡ್ಡಿಕಟ್ಟೇ ಅವನಿಗೆ ಸಾಕಾಯಿತು.

ಇಂಥ ಕಲ್ಲು ನಮ್ಮಲ್ಲಿಯೂ ಇದೆ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಅಗಲುತ್ತಿದ್ದ ಕಾಲದಲ್ಲಿ ಹರಿದ ಲಾವಾ ಆರಿತು, ಕುಗ್ಗಿತು, ಐದಾರು ಮುಖದ ಕಂಬಗಳಾಗಿ ಬಿರಿಯಿತು. ನಮ್ಮವರು 'ಪ್ರಕೃತಿಯ ಅದ್ಭುತ ಶಿಲ್ಪ' ಎಂದು ಕೈತೊಳೆದುಕೊಳ್ಳುತ್ತಾರೆ. ಬೇಸಗೆಯಲ್ಲಿ ಬಾಯಿಬಿಟ್ಟ ನವಲಗುಂದದ ಎರೆಹೊಲವನ್ನು ಕಂಡವರಿಗೆ ಈ ಕಲ್ಲು ಅಪರಿಚಿತವೇ? ಅಲ್ಲಿ ನೀರಾರಿ ಮಣ್ಣು ಬಿರಿಯುತ್ತದೆ. ಇಲ್ಲಿ ಕಾವಾರಿ ಕಲ್ಲು ಬಿರಿದಿದೆ.

ಧಾರವಾಡದಲ್ಲಿ ಕಲಿತ ವಿ. ಕೃ. ಗೋಕಾಕರ 'ಸಮುದ್ರಗೀತೆಗಳು' (1940) ಕಡಲಯಾನದ ಅನುಭವದಿಂದ ಮೂಡಿದ ಸಂಗ್ರಹ. ಕಡಲನ್ನು ಹೊಗಳಿ ಸುಮ್ಮನಾಗದೆ ಅದರ ಏರಿಳಿತಕ್ಕೆ ತಕ್ಕ ಲಯವನ್ನು ಅರಸಿದ್ದು ಅದರ ಹಿರಿಮೆ. ನಮ್ಮ ಪ್ರವಾಸಗದ್ಯಕ್ಕೆ ಆ ಎಚ್ಚರ ಇನ್ನೂ ಸಾಲದು. ವಿಶೇಷಣವು ನೋಡಿದವನ ಬೆರಗನ್ನು ಸಾರುತ್ತದೆ, ನಿಜ; ಆದರೆ ನೋಡದ ಓದುಗನಿಗೆ ಕಲ್ಲನ್ನು ಕಾಣಿಸುವುದು ಕ್ರಿಯಾಪದವೇ.

ದೂರದ ಕಡಲಿಗೆ ಹೋಗುವವರು ಹೋಗಿಬರಲಿ, ಬರೆಯಲಿ. ಹೋಗುವಾಗ ಎರೆಹೊಲದ ನೆನಪನ್ನೂ ಜೊತೆಗೆ ಒಯ್ಯಲಿ.