‘ಮುಕ್ತ ತಂತ್ರಾಂಶ’ ಶಬ್ದದ ವಿಮರ್ಶೆ

ಲಿನಕ್ಸ್ ಮೊದಲಾದ ಗಣಕವ್ಯವಸ್ಥೆಗಳನ್ನು ಕನ್ನಡದಲ್ಲಿ ‘ಮುಕ್ತ ತಂತ್ರಾಂಶ’ವೆಂದು ಕರೆಯುವ ರೂಢಿಯುಂಟು. ಮುಚ್ ಧಾತುವಿನ ಮೇಲೆ ಕ್ತ ಪ್ರತ್ಯಯವು ಬಂದು ಸಿದ್ಧಿಸಿದ ಈ ಶಬ್ದವು ಬಿಡುಗಡೆ ಹೊಂದಿದ ವಸ್ತುವನ್ನು ಹೇಳುವುದೇ ಹೊರತು ಅದನ್ನು ಬಳಸುವವನ ಅಧಿಕಾರವನ್ನು ಹೇಳುವುದಿಲ್ಲ. ರಿಚರ್ಡ್ ಸ್ಟಾಲ್ಮನ್ನರು 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದಾಗ ಉದ್ದೇಶಿಸಿದುದು ಬಳಸುವವನ ಸ್ವಾತಂತ್ರ್ಯವನ್ನು.

ಈ ಭೇದವು ಶುಷ್ಕವಾದವಲ್ಲವೆಂಬುದಕ್ಕೆ ಚಳ್ಳಕೆರೆಯ ಸೀಮೆಯೇ ನಿದರ್ಶನ. ಅಲ್ಲಿಯ ಅಮೃತಮಹಲ್ ಕಾವಲುಗಳಲ್ಲಿ ಸುತ್ತಣ ಹಳ್ಳಿಗಳ ದನಕುರಿಗಳು ತಲೆತಲಾಂತರದಿಂದ ಮೇಯುತ್ತಿದ್ದುವು. ಬಯಲು ಮುಕ್ತವಾಗಿತ್ತು, ಮೇಯಿಸುವವರ ಹಕ್ಕಾದರೋ ಬಹುಮಟ್ಟಿಗೆ ರೂಢಿಯನ್ನೇ ಆಶ್ರಯಿಸಿತ್ತು. 2010ರ ವೇಳೆಗೆ ಸುಮಾರು 10,000 ಎಕರೆ ನೆಲವು ವಿಜ್ಞಾನ, ರಕ್ಷಣೆಗಳ ಸಂಸ್ಥೆಗಳಿಗೆ ಸಂದಿತು, ಬಳಿಕ ಗೋಡೆಗಳೆದ್ದುವು. ನೆರೆಯ ಮೊಳಕಾಲ್ಮೂರಿನ ರೇಷ್ಮೆಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ರಕ್ಷಣೆಯು ದೊರೆಯಿತು; ಅದು ಹೆಸರನ್ನು ಆ ಸೀಮೆಗೇ ಮೀಸಲಿಟ್ಟು ಕಾಯುತ್ತದೆ. ಗ್ನೂ ಸಾರ್ವಜನಿಕ ಪರವಾನಗಿಯ (1989) ಮಾರ್ಗವು ಮೂರನೆಯದು. ಯಾರೂ ಪಡೆಯಬಹುದು, ಪರಿಶೀಲಿಸಬಹುದು, ತಿದ್ದಿ ಹಂಚಬಹುದು. ಹಂಚುವವನು ಮಾತ್ರ ಪಡೆದವನಿಗೂ ಮೂಲಸಂಕೇತದೊಡನೆ ಅವೇ ಹಕ್ಕುಗಳನ್ನು ಕೊಡಲೇಬೇಕು. ಲಿನಕ್ಸಿನ ತಿರುಳು 1992ರಿಂದ ಈ ನಿಬಂಧನೆಗೆ ಒಳಪಟ್ಟಿದೆ.

ಆದಕಾರಣ ಇದು ನಿಯಮವಿಲ್ಲದ ಬಯಲಲ್ಲ; ನಿಯಮದಿಂದಲೇ ಉಳಿದ ಸರ್ವರ ಸ್ವತ್ತು. ‘ಸ್ವತಂತ್ರ ತಂತ್ರಾಂಶ’ವೆಂಬ ಹೆಸರೇ ಇದಕ್ಕೆ ಯುಕ್ತ. ಆ ಶಬ್ದವೂ ವಸ್ತುವಿಗೇ ವಿಶೇಷಣವಾಗುವುದಲ್ಲವೇ ಎಂದರೆ, ನಿಜ. ಆದರೆ ಪಾಣಿನಿಯು ಸ್ವತಂತ್ರತ್ವವನ್ನು ಕರ್ತೃವಿನ ಲಕ್ಷಣವನ್ನಾಗಿ ಹೇಳಿರುವನಾಗಿ, ಅದು ನಮ್ಮ ದೃಷ್ಟಿಯನ್ನು ವಸ್ತುವಿನಿಂದ ಬಳಸುವವನ ಕಡೆಗೆ ತಿರುಗಿಸುತ್ತದೆ. ‘ಮುಕ್ತ’ವೆಂಬುದರಲ್ಲಿ ಮರೆಯಾದವನು ಅವನೇ.